ಮಗು ಹಸಿರು ವಾಂತಿ ಮಾಡಿದರೆ

ಪ್ರಶ್ನೆ: ನನ್ನ ಅಕ್ಕನ ಮಗು 9ನೇ ದಿನಕ್ಕೆ ಹಸಿರಾಗಿ ವಾಂತಿ ಮಾಡಿತು. ಎಕ್ಸ್‌ರೇ ಸರಿಯಾಗಿದೆ, ಹಾಲು ಜಾಸ್ತಿ ಆಗಿರಬೇಕು ಅಂತ ಮನೆಗೆ ಕಳಿಸಿದರು. ಮರುದಿನ ಬೇರೆ ಕಡೆ ತೋರಿಸಿದಾಗ ಕರುಳು ತಿರುಚಿಕೊಂಡಿದೆ ಎಂದು ಆಪರೇಷನ್ ಮಾಡಿದರು. ಮಗು ಈಗ ಆರಾಮಾಗಿದೆ. ನಾನೂ ಈಗ 7 ತಿಂಗಳ ಗರ್ಭಿಣಿ. ಎಲ್ಲ ಮಕ್ಕಳೂ ಕಕ್ಕುತ್ತವೆ ಅಲ್ವಾ ಡಾಕ್ಟ್ರೇ? ಇದನ್ನು ಗುರುತಿಸುವುದು ಹೇಗೆ?

ಉತ್ತರ: ಕಕ್ಕುತ್ತವೆ, ನಿಜ. ಬಾಯಿಯ ಪಕ್ಕದಲ್ಲಿ ಬಿಳಿ ಹಾಲು ಇಳಿದು, ಮಗು ಮತ್ತೆ ಹಸಿದು ಕುಡಿಯುತ್ತಿದ್ದರೆ ಒರೆಸಿ ಸುಮ್ನಿರಿ. ಹಸಿರು ಅಂದರೆ ಮಾತ್ರ ಲೆಕ್ಕ ಬೇರೆ. ಮಕ್ಕಳ ಸರ್ಜನ್ ಆದ ನನಗೆ ನಡುರಾತ್ರಿ ಫೋನಿನಲ್ಲಿ ಆ ಮಾತು ಕೇಳಿದರೆ ಸಾಕು, ಚಪ್ಪಲಿ ಹುಡುಕುತ್ತೇನೆ.

ಆ ಹಸಿರು ಪಿತ್ತರಸದ ಬಣ್ಣ. ಪಿತ್ತರಸ ಬಂದು ಸೇರುವುದು ಜಠರ ದಾಟಿದ ಮೇಲೆ, ಸಣ್ಣ ಕರುಳಿನ ಮೊದಲ ಭಾಗಕ್ಕೆ. ಅದು ಕೆಳಗೆ ಹರಿಯದೆ ಬಾಯಿಗೆ ಬಂದರೆ, ಮುಂದೆಲ್ಲೋ ದಾರಿ ಕಟ್ಟಿರಬಹುದು. ಹಸಿರು ವಾಂತಿಯೆಲ್ಲ ಆಪರೇಷನ್‌ಗೇ ಹೋಗುವುದಿಲ್ಲ. ಆದರೆ ಪರೀಕ್ಷೆ ಮಾಡದೆ ಅದನ್ನು ಹೇಳಲು ನನಗೂ ಬರುವುದಿಲ್ಲ.

ಗರ್ಭದಲ್ಲಿ ಮೊದಲ ಮೂರು ತಿಂಗಳೊಳಗೆ ಕರುಳು 270 ಡಿಗ್ರಿ ತಿರುಗಿ, ತನ್ನ ಜಾಗದಲ್ಲಿ ಅಗಲವಾದ ಬುಡದೊಂದಿಗೆ ಅಂಟಿಕೊಳ್ಳಬೇಕು. ತಿರುಗುವುದು ಅರ್ಧಕ್ಕೇ ನಿಂತರೆ ಬುಡ ಕಿರಿದಾಗಿ ಉಳಿಯುತ್ತದೆ. ಹುಟ್ಟಿದ ಮೇಲೆ ಆ ಕಿರಿದಾದ ಬುಡದ ಸುತ್ತ ಕರುಳು ಸುತ್ತಿಕೊಂಡರೆ ರಕ್ತನಾಳವೂ ಹಿಸುಕಿಹೋಗುತ್ತದೆ. ಕೆಲವೇ ಗಂಟೆಗಳಲ್ಲಿ ಕರುಳು ಕೆಡಬಹುದು.

ಮೋಸ ಹೋಗುವುದು ಶುರುವಿನಲ್ಲೇ. ಹೊಟ್ಟೆ ಮೆತ್ತಗಿರುತ್ತದೆ, ಉಬ್ಬಿರುವುದಿಲ್ಲ. ಮಗು ಕಕ್ಕ ಮಾಡುತ್ತಿರುತ್ತದೆ. ಮಾಮೂಲಿ ಎಕ್ಸ್‌ರೇಯೂ ಸರಿಯಾಗಿಯೇ ಕಾಣಬಹುದು, ನಿಮ್ಮ ಅಕ್ಕನ ಮಗುವಿಗೆ ಆದದ್ದೂ ಅದೇ. ಕೆಲವು ಸಲ ತಿರುಚು ತಾನಾಗಿ ಸಡಿಲಗೊಂಡು ಮಗು ಅರ್ಧ ದಿನ ಚೆನ್ನಾಗಿ ಹಾಲು ಕುಡಿಯುತ್ತದೆ, ಮತ್ತೆ ವಾಂತಿ. ಇನ್ನು ಕೆಲವು ಮಕ್ಕಳಲ್ಲಿ ಹಸಿರೇ ಕಾಣದೆ, ಆಗಾಗ ವಾಂತಿ, ತೂಕ ಏರದಿರುವುದು ಇಷ್ಟೇ ಇರುತ್ತದೆ. ಹೊಟ್ಟೆ ಉಬ್ಬುವುದು, ಮಲದಲ್ಲಿ ರಕ್ತ, ಮಗು ಬಿಳಚಿಕೊಂಡು ಸುಸ್ತಾಗುವುದು ತಡವಾಗಿ ಬರುವ ಲಕ್ಷಣ. ಅವಕ್ಕೆ ಕಾಯಬೇಡಿ.

ವಾಂತಿಯಾದ ಬಟ್ಟೆಯನ್ನು ಒಗೆಯದೆ ಜೊತೆಗೇ ತನ್ನಿ. ಎಲೆ ಅರೆದ ರಸದ ಬಣ್ಣ ಬಿಳಿ ಬಟ್ಟೆಯ ಮೇಲೆ ಎದ್ದು ಕಾಣುತ್ತದೆ. ಹಳದಿ ಬಲ್ಬಿನ ಕೆಳಗೆ ತೆಗೆದ ಫೋಟೋವನ್ನು ನಾನು ನಂಬುವುದಿಲ್ಲ. ಪಿತ್ತ ಮೊದಮೊದಲು ಬರೀ ಹಳದಿಯಾಗಿಯೂ ಕಾಣಬಹುದು, ಅನುಮಾನ ಬಂದರೆ ತೋರಿಸಿ. ಎಕ್ಸ್‌ರೇ ಸರಿಯಿದೆ ಅಂದರೆ ‘ಕಾಂಟ್ರಾಸ್ಟ್ (ಎಕ್ಸ್‌ರೇಯಲ್ಲಿ ಎದ್ದು ಕಾಣುವ ದ್ರವ) ಕುಡಿಸಿ ನೋಡಬೇಕಾ? ಮಕ್ಕಳ ಸರ್ಜನ್ ನೋಡಬೇಕಾ?’ ಅಂತ ನೇರವಾಗಿ ಕೇಳಿ. ಸಂಕೋಚ ಬೇಡ. ಆ ಪರೀಕ್ಷೆಯಲ್ಲಿ ಕರುಳಿನ ಮೊದಲ ಭಾಗ ಇರಬೇಕಾದಂತೆ ಬೆನ್ನೆಲುಬು ದಾಟಿ ಎಡಕ್ಕೆ ಹೋಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ರಕ್ತನಾಳಗಳು ಸುಳಿಯಾಗಿ ಸುತ್ತಿಕೊಂಡದ್ದು ಕಂಡರಂತೂ ಕಾಯುವ ಮಾತೇ ಇಲ್ಲ. ಬಾಸ್ಟನ್ನಿನ ಸರ್ಜನ್ ವಿಲಿಯಂ ಲ್ಯಾಡ್ 1936ರಲ್ಲಿ ಬರೆದಿಟ್ಟ ಆಪರೇಷನ್ನನ್ನೇ ಇಂದಿಗೂ ಮಾಡುತ್ತೇವೆ: ತಿರುಚು ಬಿಡಿಸುವುದು, ಕರುಳಿಗೆ ಅಡ್ಡಗಟ್ಟಿದ ಪೊರೆಯಂಥ ಪಟ್ಟಿಗಳನ್ನು ಕತ್ತರಿಸುವುದು, ಬುಡ ಅಗಲಿಸುವುದು.

ಅಕ್ಕನ ಮಗುವಿಗೆ ಬಂತು ಅಂತ ನಿಮ್ಮ ಮಗುವಿಗೂ ಬರಬೇಕೆಂದೇನಿಲ್ಲ. ಗರ್ಭದ ಸ್ಕ್ಯಾನ್‌ನಲ್ಲಿ ಇದು ಸಾಮಾನ್ಯವಾಗಿ ಕಾಣುವುದೂ ಇಲ್ಲ. ಹಾಗಾಗಿ ಇದಕ್ಕೆಂದೇ ಇನ್ನೊಂದು ಸ್ಕ್ಯಾನ್ ಮಾಡಿಸಬೇಡಿ.