.32 ರಿವಾಲ್ವರ್‌ನಲ್ಲಿ ಹಾಲೋ ಪಾಯಿಂಟ್ ಗುಂಡು ಅರಳುತ್ತದೆಯೇ?

ಪ್ರಶ್ನೆ: ಗುಬ್ಬಿ ಹತ್ತಿರದ ತೋಟದ ಮನೆಯಲ್ಲಿ ಇರುತ್ತೇವೆ. ಲೈಸೆನ್ಸ್ ಇರುವ .32 ರಿವಾಲ್ವರ್ ಇದೆ. ವಿಡಿಯೋಗಳಲ್ಲಿ 9 ಎಂಎಂ ಹಾಲೋ ಪಾಯಿಂಟ್ (ತುದಿಯಲ್ಲಿ ಕುಳಿ ಇರುವ) ಗುಂಡು ಜೆಲ್ (ಮಾಂಸದ ಬದಲಿಗೆ ಪರೀಕ್ಷೆಗೆ ಬಳಸುವ ಜೆಲಟಿನ್ ಮುದ್ದೆ) ಒಳಗೆ ಹೂವಿನಂತೆ ಅರಳುವುದನ್ನು ನೋಡಿದೆ. .32ರಲ್ಲೂ ಹಾಗೇ ಆಗುತ್ತದೆಯೇ? ಮಾಮೂಲಿ ಗುಂಡಿನ ತುದಿ ಕೊರೆದರೆ ಸಾಕೇ?
– ಓದುಗರು, ತುಮಕೂರು ಜಿಲ್ಲೆ

ಉತ್ತರ: ಮೊದಲು ಕೊನೆಯ ಪ್ರಶ್ನೆಗೆ: ದಯವಿಟ್ಟು ಕೊರೆಯಬೇಡಿ. ಪಿಸ್ತೂಲಿನ ತಾಮ್ರಕವಚದ ಗುಂಡಿಗೆ ಹಿಂಭಾಗ ತೆರೆದಿರುತ್ತದೆ. ಮುಂದೆಯೂ ತೂತು ಮಾಡಿದರೆ ಒಳಗಿನ ಸೀಸ ಮಾತ್ರ ಹಾರಿ, ಕವಚ ನಳಿಗೆಯಲ್ಲೇ ಸಿಕ್ಕಿಕೊಳ್ಳಬಹುದು. ಮುಂದಿನ ಗುಂಡು ಅದಕ್ಕೆ ಬಡಿದರೆ ನಳಿಗೆ ಉಬ್ಬುತ್ತದೆ, ಇಲ್ಲವೇ ಸೀಳುತ್ತದೆ. ರಿವಾಲ್ವರಿನ ಬರೀ ಸೀಸದ ಗುಂಡಿಗೆ ಕವಚದ ಕಾಟವಿಲ್ಲ. ಆದರೆ ತೂತು ಕೂದಲೆಳೆಯಷ್ಟು ಓರೆಯಾದರೂ ಗುರಿ ಕೆಡುತ್ತದೆ. ಮೇಲಾಗಿ 1959ರ ಆಯುಧ ಕಾಯ್ದೆಯ ಪ್ರಕಾರ ಮದ್ದುಗುಂಡು ಮಾರ್ಪಡಿಸಲು ಬೇರೆಯೇ ಲೈಸೆನ್ಸ್ ಬೇಕು.

ಇನ್ನು ಅರಳುವ ವಿಚಾರ. ತುದಿಯ ಕುಳಿಯೊಳಗೆ ದ್ರವ ನುಗ್ಗಿ ಗೋಡೆಗಳನ್ನು ಹೊರಕ್ಕೆ ತಳ್ಳಿದಾಗಲೇ ಗುಂಡು ಅರಳುವುದು. ಈ ಒತ್ತಡ ವೇಗದ ವರ್ಗಕ್ಕೆ (ವೇಗ × ವೇಗ) ತಕ್ಕಂತೆ ಏರುತ್ತದೆ. 124 ಗ್ರೇನ್ (ಸುಮಾರು 8 ಗ್ರಾಂ) ತೂಕದ 9 ಎಂಎಂ ಗುಂಡು ಸೆಕೆಂಡಿಗೆ ಸುಮಾರು 350 ಮೀಟರ್ ಹೋದರೆ, .32 ಲಾಂಗ್ ಎಂಬ ಬಗೆಯ 98 ಗ್ರೇನ್ ರಿವಾಲ್ವರ್ ಗುಂಡು ಸುಮಾರು 215 ಮೀಟರ್. ಅಂದರೆ 9 ಎಂಎಂನಲ್ಲಿ ಒತ್ತಡ ಎರಡೂವರೆ ಪಟ್ಟಿಗೂ ಹೆಚ್ಚು. ಹಾಗಾದರೆ .45 ಗುಂಡು ಸುಮಾರು 260 ಮೀಟರ್ ವೇಗದಲ್ಲೇ ಹೇಗೆ ಅರಳುತ್ತದೆ? ಅದರ ಕುಳಿ ಅಗಲ, ಕವಚದಲ್ಲಿ ಸೀಳುವುದಕ್ಕೆಂದೇ ಗೀರುಗಳಿರುತ್ತವೆ, ಸೀಸವೂ ಮೆದು. ಒಳ್ಳೆಯ .45 ಗುಂಡು 11.5 ಮಿ.ಮೀ.ನಿಂದ 17–19ಕ್ಕೆ ಅಗಲವಾಗುತ್ತದೆ, 9 ಎಂಎಂನದು 14–16ಕ್ಕೆ. ಎಲ್ಲವನ್ನೂ ಕ್ಯಾಲಿಬರ್ (ಗುಂಡಿನ ಅಡ್ಡಳತೆ) ಒಂದೇ ತೀರ್ಮಾನಿಸುವುದಿಲ್ಲ.

ಸಣ್ಣ ಕ್ಯಾಲಿಬರಿನ ನಿಜವಾದ ಇಕ್ಕಟ್ಟು ಬೇರೆ. ಅಮೆರಿಕದ ಎಫ್‌ಬಿಐ 1986ರ ಮಯಾಮಿ ಗುಂಡಿನ ಕಾಳಗದ ನಂತರ ರೂಪಿಸಿದ ಪರೀಕ್ಷೆಯಲ್ಲಿ, ಶೇ 10ರ ಜೆಲಟಿನ್‌ನಲ್ಲಿ ಗುಂಡು 12ರಿಂದ 18 ಇಂಚು ಇಳಿಯಬೇಕು. .380 ಪಿಸ್ತೂಲ್ ಗುಂಡಾಗಲಿ .32 ಆಗಲಿ, ಅರಳಿದರೆ ಸಾಮಾನ್ಯವಾಗಿ 12 ಇಂಚು ಮುಟ್ಟುವುದಿಲ್ಲ, ಮುಟ್ಟಿತೆಂದರೆ ಅರಳಿರುವುದಿಲ್ಲ. ಎರಡಕ್ಕೂ ಸಾಲುವಷ್ಟು ಶಕ್ತಿ ಅವುಗಳಲ್ಲಿಲ್ಲ: 9 ಎಂಎಂನದು ಸುಮಾರು 490 ಜೂಲ್, .32 ಲಾಂಗ್‌ನದು 150ರ ಆಸುಪಾಸು. ಎರಡು ಇಂಚಿನ ನಳಿಗೆಯಾದರೆ ಈ ಶಕ್ತಿಯೂ ಕಡಿಮೆಯಾಗುತ್ತದೆ. .38 ಸ್ಪೆಷಲ್‌ನ ಎಷ್ಟೋ ಹಾಲೋ ಪಾಯಿಂಟ್‌ಗಳು ಗಿಡ್ಡ ನಳಿಗೆಯಿಂದ ಅರಳದೇ ಹೋಗುವುದು ಇದೇ ಕಾರಣಕ್ಕೆ.

ಬಟ್ಟೆಯದು ಇನ್ನೊಂದು ತೊಡಕು. ಡೆನಿಮ್‌ನ ನೂಲು, ಹತ್ತಿಯ ಎಳೆ ಕುಳಿಗೆ ತುರುಕಿಕೊಂಡರೆ ದ್ರವಕ್ಕೆ ಜಾಗವೇ ಇರುವುದಿಲ್ಲ, ಗುಂಡು ಮೊಂಡು ಮೂತಿಯ ಮಾಮೂಲಿ ಗುಂಡಿನಂತೆ ಸಾಗುತ್ತದೆ. ಹಾಗಾಗಿ ಬರೀ ಜೆಲ್‌ಗೆ ಹೊಡೆದ ವಿಡಿಯೋ ನಂಬಬೇಡಿ, ನಾಲ್ಕು ಪದರ ಡೆನಿಮ್ ಹೊದಿಸಿದ್ದನ್ನು ನೋಡಿ. ನೀರಿನ ಕ್ಯಾನ್‌ಗೆ ಹೊಡೆದು ತೋರಿಸುವುದಂತೂ ದಾರಿ ತಪ್ಪಿಸುತ್ತದೆ. ಜೆಲ್‌ಗಿಂತ ನೀರಿನಲ್ಲಿ ಗುಂಡು ಸುಲಭವಾಗಿ ಅರಳುತ್ತದೆ.

ನಮ್ಮಲ್ಲಿ 9 ಎಂಎಂ ಸಾರ್ವಜನಿಕರಿಗೆ ನಿಷೇಧಿತ ಬೋರ್ (ನಳಿಗೆಯ ಅಳತೆ), ಆ ಅಂಕಿಗಳನ್ನು ಹೋಲಿಕೆಗಷ್ಟೇ ಇಟ್ಟುಕೊಳ್ಳಿ. ನಿಮ್ಮ .32ಕ್ಕೆ ಕಾರ್ಖಾನೆಯ ದುಂಡು ಮೂತಿಯ ಸೀಸದ ಗುಂಡೇ ಸರಿ. ಅದು ಅರಳದೆ ನೇರ ಇಳಿಯುತ್ತದೆ, ತಗಡಿನ ಶೆಡ್ಡನ್ನೂ ಮರದ ಬಾಗಿಲನ್ನೂ ದಾಟಬಲ್ಲದು. ಮನೆಯ ಯಾವ ಗೋಡೆಯಾಚೆ ಮಕ್ಕಳು, ಆಳುಗಳು ಮಲಗುತ್ತಾರೆ ಎಂಬುದನ್ನು ಈಗಲೇ ನೋಡಿಟ್ಟುಕೊಳ್ಳಿ.