ನೆಂಟನಿಗೊಂದು ಖಾತೆ, ಡಿ ಡ್ರೈವಿಗೊಂದು ಬೀಗ

ಪತ್ರ: ಸೊಸೆಯ ತಮ್ಮ ಪರೀಕ್ಷೆಯ ತಯಾರಿಗೆಂದು ಮೈಸೂರಿನ ನಮ್ಮ ಮನೆಯಲ್ಲಿ ಒಂದೂವರೆ ತಿಂಗಳು ಇರಲು ಬರುತ್ತಿದ್ದಾನೆ. ಅಣಕು ಪರೀಕ್ಷೆ ಬರೆಯಲು ನಮ್ಮ ವಿಂಡೋಸ್ 11 ಕಂಪ್ಯೂಟರೇ ಬೇಕು. ಬೇಡ ಎನ್ನಲಾಗದು. ಆದರೆ ಬ್ಯಾಂಕು, ಆಸ್ತಿಪತ್ರ, ಮನೆಮಂದಿಯ ಫೋಟೋ ಎಲ್ಲ ಅದರಲ್ಲೇ ಇವೆ. ಫೋಲ್ಡರನ್ನು ‘ಹಿಡನ್’ ಮಾಡಿದರೆ ಸಾಕೇ? ಅವನು ಏನು ನೋಡುತ್ತಾನೆಂದು ತಿಳಿಸುವ ಸಾಫ್ಟ್‌ವೇರ್ ಇದೆಯೇ?

ಸಂಪಾದಕರ ಉತ್ತರ: ಹಿಡನ್ ಮಾಡಿದರೆ ಸಾಲದು. ಫೈಲ್ ಎಕ್ಸ್‌ಪ್ಲೋರರ್‌ನ ‘ವ್ಯೂ’ ಮೆನುವಿನಲ್ಲಿ ‘ಶೋ’, ಅದರಲ್ಲಿ ‘ಹಿಡನ್ ಐಟಮ್ಸ್’ ಒತ್ತಿದರೆ ಅಡಗಿಸಿದ್ದೆಲ್ಲ ತುಸು ಮಸುಕಾಗಿ ಎದ್ದು ಬರುತ್ತದೆ. ಮಸುಕಾಗಿರುವುದರಿಂದಲೇ ಕಣ್ಣು ಅಲ್ಲಿಗೆ ಮೊದಲು ಹೋಗುತ್ತದೆ. ಎರಡನೆಯ ಪ್ರಶ್ನೆಗೆ ಕೊನೆಯಲ್ಲಿ ಬರುತ್ತೇವೆ.

ಹುಡುಗನಿಗೆ ಅವನದೇ ಖಾತೆ ತೆರೆದುಕೊಡಿ. ಇದರಲ್ಲಿ ಅವಮಾನದ ಮಾತೇ ಇಲ್ಲ. ಬಂದವರಿಗೆ ಬೇರೆ ಹಾಸಿಗೆ ಹಾಸಿಕೊಟ್ಟಷ್ಟೇ ಸಹಜ. ‘ನಿನ್ನ ಫೈಲುಗಳು ನಮ್ಮದರ ಜತೆ ಕಲೆಸಿಹೋಗದಿರಲಿ’ ಎಂದರೆ ಮಾತೂ ನಿಜ, ಮರ್ಯಾದೆಯೂ ಉಳಿಯಿತು.

ಅದಕ್ಕೂ ಮೊದಲು ನಿಮ್ಮ ಖಾತೆಗೆ ಪಾಸ್‌ವರ್ಡ್ ಇದೆಯೇ ನೋಡಿ. ಅಂಗಡಿಯಲ್ಲಿ ಜೋಡಿಸಿ ತಂದ ಕಂಪ್ಯೂಟರುಗಳು ಎಷ್ಟೋ ಸಲ ಪಾಸ್‌ವರ್ಡೇ ಕೇಳದೆ ನೇರ ತೆರೆದುಕೊಳ್ಳುತ್ತವೆ. ಅಂಥದ್ದರಲ್ಲಿ ಎಷ್ಟು ಖಾತೆ ತೆರೆದರೂ ವ್ಯರ್ಥ; ಪರದೆಯ ಮೂಲೆಯಲ್ಲಿ ನಿಮ್ಮ ಹೆಸರು ಕ್ಲಿಕ್ಕಿಸಿದರೆ ಒಳಗೆ. ಸೆಟ್ಟಿಂಗ್ಸ್, ಅಕೌಂಟ್ಸ್, ಸೈನ್-ಇನ್ ಆಪ್ಷನ್ಸ್‌ಗೆ ಹೋಗಿ ಪಾಸ್‌ವರ್ಡ್ ಇಡಿ. ಮನೆಯವರಿಗೆಲ್ಲ ಗೊತ್ತಿರುವ ಮದುವೆಯ ದಿನಾಂಕ ಬೇಡ. ಅದೇ ಪುಟದಲ್ಲಿ, ಕಂಪ್ಯೂಟರ್ ನಿದ್ದೆಯಿಂದ ಎದ್ದಾಗ ಮತ್ತೆ ಪಾಸ್‌ವರ್ಡ್ ಕೇಳುವಂತೆ ಮಾಡಿ. ಕುರ್ಚಿ ಬಿಟ್ಟು ಏಳುವಾಗ ಕಂಪ್ಯೂಟರಿಗೆ ಬೀಗ ಬೀಳುವಂತೆ ವಿಂಡೋಸ್ ಕೀಲಿಯ ಜತೆ ಎಲ್ ಒತ್ತುವ ಅಭ್ಯಾಸವನ್ನು ಇವತ್ತೇ ಶುರುಮಾಡಿ.

ಈಗ ಹೊಸ ಖಾತೆ. ಸೆಟ್ಟಿಂಗ್ಸ್, ಅಕೌಂಟ್ಸ್, ಅದರ್ ಯೂಸರ್ಸ್, ಆಡ್ ಅಕೌಂಟ್. ಇಮೇಲ್ ಕೇಳುವ ಕಡೆ ‘ಐ ಡೋಂಟ್ ಹ್ಯಾವ್ ದಿಸ್ ಪರ್ಸನ್ಸ್ ಸೈನ್-ಇನ್ ಇನ್ಫರ್ಮೇಶನ್’, ಮುಂದಿನ ಪುಟದಲ್ಲಿ ‘ಆಡ್ ಎ ಯೂಸರ್ ವಿದೌಟ್ ಎ ಮೈಕ್ರೋಸಾಫ್ಟ್ ಅಕೌಂಟ್’ ಆರಿಸಿ. ಹೆಸರು ‘ಗೆಸ್ಟ್’ ಎಂದು ಕೊಡಬೇಡಿ, ವಿಂಡೋಸ್ ಒಪ್ಪುವುದಿಲ್ಲ. ಹಳೆಯ ಆವೃತ್ತಿಗಳ ಅತಿಥಿ ಖಾತೆ ವಿಂಡೋಸ್ 10ರಲ್ಲೇ ಬಳಕೆಯಿಂದ ಹೋಯಿತು, ಆದರೆ ಆ ಹೆಸರನ್ನು ವ್ಯವಸ್ಥೆ ಇನ್ನೂ ತನಗಾಗಿ ಕಾದಿರಿಸಿಕೊಂಡಿದೆ. ಪಾಸ್‌ವರ್ಡನ್ನು ಹುಡುಗನೇ ಟೈಪ್ ಮಾಡಲಿ, ಮೂರು ಭದ್ರತಾ ಪ್ರಶ್ನೆಗಳಿಗೂ ಅವನೇ ಉತ್ತರಿಸಲಿ. ಹೊಸ ಖಾತೆ ತಾನಾಗಿಯೇ ‘ಸ್ಟ್ಯಾಂಡರ್ಡ್’ ಆಗಿರುತ್ತದೆ. ಅದನ್ನು ‘ಅಡ್ಮಿನಿಸ್ಟ್ರೇಟರ್’ ಮಾಡಬೇಡಿ. ಅಡ್ಮಿನಿಸ್ಟ್ರೇಟರ್ ಆದವನು ಯಾರ ಫೋಲ್ಡರನ್ನು ಬೇಕಾದರೂ ಒಂದೆರಡು ಕ್ಲಿಕ್ಕಿನಲ್ಲಿ ತನ್ನದಾಗಿಸಿಕೊಳ್ಳಬಲ್ಲ. ಸ್ಟ್ಯಾಂಡರ್ಡ್ ಖಾತೆಯಿಂದ ಹುಡುಗ ಏನಾದರೂ ಇನ್‌ಸ್ಟಾಲ್ ಮಾಡಹೊರಟರೆ ಹೆಚ್ಚಿನ ಸಲ ನಿಮ್ಮ ಪಾಸ್‌ವರ್ಡ್ ಕೇಳುತ್ತದೆ. ಯಾವ ಪ್ರೋಗ್ರಾಂ ಎಂದು ಓದಿ ನೋಡಿ, ನೀವೇ ಟೈಪ್ ಮಾಡಿ. ಅಡುಗೆಮನೆಯಿಂದ ಕೂಗಿ ಹೇಳಬೇಡಿ. ಕನ್ನಡ ಕೀಬೋರ್ಡನ್ನು ಅವನ ಖಾತೆಯಲ್ಲಿ ಇನ್ನೊಮ್ಮೆ ಸೇರಿಸಬೇಕಾಗುತ್ತದೆ. ಭಾಷೆಯ ಸೆಟ್ಟಿಂಗು ಪ್ರತಿ ಖಾತೆಗೂ ಬೇರೆ.

ಇಷ್ಟಾದರೆ ನಿಮ್ಮ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡುಗಳು, ತೆರೆದಿಟ್ಟ ವಾಟ್ಸಾಪ್ ವೆಬ್ ಎಲ್ಲವೂ ಅವನಿಗೆ ಮರೆಯಾದವು. ಬಹಳ ಮಂದಿ ಇಲ್ಲಿಗೆ ನಿಲ್ಲಿಸುತ್ತಾರೆ. ಎಡವಟ್ಟಾಗುವುದು ಇಲ್ಲೇ.

ನಮ್ಮ ಮನೆಗಳ ಕಂಪ್ಯೂಟರುಗಳಲ್ಲಿ ಸಿ ಜತೆಗೆ ಡಿ, ಕೆಲವೊಮ್ಮೆ ಇ ಡ್ರೈವೂ ಇರುತ್ತದೆ. ‘ವಿಂಡೋಸ್ ಕೆಟ್ಟರೂ ಡಿ ಉಳಿಯುತ್ತದೆ’ ಎಂದು ಜೋಡಿಸಿಕೊಟ್ಟವನು ಹೇಳಿರುತ್ತಾನೆ, ನಾವು ಮುಖ್ಯವಾದದ್ದನ್ನೆಲ್ಲ ಅಲ್ಲೇ ತುಂಬಿರುತ್ತೇವೆ. ಆದರೆ ವಿಂಡೋಸ್ ಕಾವಲು ಕಾಯುವುದು ಸಿ ಡ್ರೈವಿನ ‘ಯೂಸರ್ಸ್’ ಫೋಲ್ಡರಿನೊಳಗಿನ ನಿಮ್ಮ ಕೋಣೆಯನ್ನು ಮಾತ್ರ. ಡಿ ಡ್ರೈವಿನ ಸಹಜ ಅನುಮತಿಯ ಪ್ರಕಾರ ಲಾಗಿನ್ ಆದ ಯಾರೇ ಆಗಲಿ ಅಲ್ಲಿನದನ್ನು ಓದಬಹುದು, ತಿದ್ದಬಹುದು, ಅಳಿಸಲೂಬಹುದು.

ಬೀಗ ಹಾಕುವ ಬಗೆ ಹೀಗೆ. ಡಿಯಲ್ಲಿ ಒಂದು ಫೋಲ್ಡರ್ ಮಾಡಿ, ಖಾಸಗಿಯಾದದ್ದನ್ನೆಲ್ಲ ಮೊದಲು ಅದರೊಳಗೆ ಸರಿಸಿ. ಆಮೇಲೆ ಅದರ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್‌ಡ್. ‘ಆಡ್’ ಒತ್ತಿ ನಿಮ್ಮ ಹೆಸರಿಗೆ ‘ಫುಲ್ ಕಂಟ್ರೋಲ್’ ಕೊಡಿ. ಈ ಹೆಜ್ಜೆ ಬಿಟ್ಟರೆ ನೀವೇ ಹೊರಗೆ! ನೀವು ಅಡ್ಮಿನಿಸ್ಟ್ರೇಟರ್ ಆಗಿದ್ದರೂ ದಿನನಿತ್ಯದ ಕೆಲಸದಲ್ಲಿ ವಿಂಡೋಸ್ ನಿಮ್ಮನ್ನು ಸಾಮಾನ್ಯ ಬಳಕೆದಾರನಂತೆಯೇ ನಡೆಸಿಕೊಳ್ಳುತ್ತದೆ. ನಂತರ ‘ಡಿಸೇಬಲ್ ಇನ್‌ಹೆರಿಟೆನ್ಸ್’ ಒತ್ತಿ, ಎದುರಾಗುವ ಎರಡು ಆಯ್ಕೆಗಳಲ್ಲಿ ‘ಕನ್ವರ್ಟ್’ ಎಂದಿರುವುದನ್ನು ಆರಿಸಿ. ಪಟ್ಟಿಯಿಂದ ‘ಯೂಸರ್ಸ್’ ಮತ್ತು ‘ಅಥೆಂಟಿಕೇಟೆಡ್ ಯೂಸರ್ಸ್’ ತೆಗೆಯಿರಿ. ‘ಸಿಸ್ಟಮ್’, ‘ಅಡ್ಮಿನಿಸ್ಟ್ರೇಟರ್ಸ್’, ನಿಮ್ಮ ಹೆಸರು ಮೂರೂ ಇರಲಿ. ಕೆಳಗೆ ‘ರಿಪ್ಲೇಸ್ ಆಲ್ ಚೈಲ್ಡ್ ಆಬ್ಜೆಕ್ಟ್’ ಎಂದು ಶುರುವಾಗುವ ಚೌಕಕ್ಕೆ ಗುರುತು ಹಾಕಿ ಓಕೆ ಒತ್ತಿ. ಫೋಟೋಗಳು ಸಾವಿರಗಟ್ಟಲೆ ಇದ್ದರೆ ಕೆಲವು ನಿಮಿಷ ಹಿಡಿಯುತ್ತದೆ, ನಡುವೆ ನಿಲ್ಲಿಸಬೇಡಿ. ಮುಂದೆ ಅದೇ ಡ್ರೈವಿನಿಂದ ಈ ಫೋಲ್ಡರಿಗೆ ಏನಾದರೂ ಸೇರಿಸುವಾಗ ಕಟ್ ಬೇಡ, ಕಾಪಿ ಮಾಡಿ ಹಳೆಯದನ್ನು ಅಳಿಸಿ. ಕಟ್ ಮಾಡಿ ತಂದ ಫೈಲು ಹಳೆಯ ಸಡಿಲ ಅನುಮತಿಯನ್ನೂ ಹೊತ್ತು ತರಬಹುದು.

ಬೀಗ ಬಿದ್ದಿದೆಯೇ ಎಂದು ನೋಡಲು, ಹುಡುಗ ಬರುವ ಮುನ್ನ ಇನ್ನೊಂದು ತಾತ್ಕಾಲಿಕ ಸ್ಟ್ಯಾಂಡರ್ಡ್ ಖಾತೆ ತೆರೆದು ಅದರಿಂದ ಆ ಫೋಲ್ಡರನ್ನು ಒತ್ತಿ. ಅನುಮತಿಯಿಲ್ಲ ಎಂಬ ಸಂದೇಶ ಬಂದು, ‘ಕಂಟಿನ್ಯೂ’ ಒತ್ತಿದರೆ ನಿಮ್ಮ ಪಾಸ್‌ವರ್ಡ್ ಕೇಳಬೇಕು. ಪ್ರಾಪರ್ಟೀಸ್‌ನಲ್ಲಿ ಸೆಕ್ಯುರಿಟಿ ಎಂಬ ಭಾಗವೇ ಕಾಣದಿದ್ದರೆ ಆ ಡ್ರೈವ್ ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ಮಾದರಿಯದು, ಅದರಲ್ಲಿ ಇಂಥ ಬೀಗ ಹಾಕಲಾಗದು. ಪೆನ್‌ಡ್ರೈವ್, ಹೊರಗಿನ ಹಾರ್ಡ್‌ಡಿಸ್ಕ್‌ಗಳು ಬಹುಮಟ್ಟಿಗೆ ಹೀಗೇ. ಅವುಗಳಿಗೆ ಬೀರುವೇ ಸರಿ.

ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಎಂಬ ಧೈರ್ಯವೂ ಬೇಡ. ಇ-ಆಧಾರ್ ತೆರೆಯಲು ಹೆಸರಿನ ಮೊದಲ ನಾಲ್ಕು ದೊಡ್ಡಕ್ಷರ ಮತ್ತು ಹುಟ್ಟಿದ ಇಸವಿ ಸಾಕು. ಆದಾಯ ತೆರಿಗೆಯ ಐಟಿಆರ್ ಸ್ವೀಕೃತಿಗೆ ಪ್ಯಾನ್ ಸಂಖ್ಯೆ ಸಣ್ಣಕ್ಷರದಲ್ಲಿ, ಜತೆಗೆ ಹುಟ್ಟಿದ ದಿನಾಂಕ. ಹೊರಗಿನವರಿಗೆ ಇವು ಒಗಟು, ನೆಂಟರಿಗಲ್ಲ. ಅರವತ್ತರ ಶಾಂತಿಗೆ ಬಂದವನಿಗೆ ನಿಮ್ಮ ಜನ್ಮದಿನ ಬಾಯಿಪಾಠ. ತೀರಾ ಮುಖ್ಯವಾದ ಹತ್ತಿಪ್ಪತ್ತು ಕಾಗದಪತ್ರಗಳಿದ್ದರೆ ಫೈಲುಗಳನ್ನು ಒಂದೇ ಕಟ್ಟಾಗಿಸುವ ಉಚಿತ ಪ್ರೋಗ್ರಾಂ 7-ಜಿಪ್ ಬಳಸಿ 7ಝಡ್ ಮಾದರಿಯಲ್ಲಿ ಕಟ್ಟಿ ಪಾಸ್‌ವರ್ಡ್ ಹಾಕಿ. ‘ಎನ್‌ಕ್ರಿಪ್ಟ್ ಫೈಲ್ ನೇಮ್ಸ್’ ಗುರುತು ಹಾಕದಿದ್ದರೆ ಒಳಗಿನ ಹೆಸರುಗಳು ಕಾಣುತ್ತಲೇ ಇರುತ್ತವೆ. ಪಾಸ್‌ವರ್ಡ್ ಮರೆತರೆ ಅದನ್ನು ತೆರೆದುಕೊಡುವವರು ಯಾರೂ ಇಲ್ಲ.

‘ಐದೇ ನಿಮಿಷ, ಒಂದು ಮೇಲ್ ನೋಡಿ ಕೊಡ್ತೀನಿ’ ಎಂದು ನಿಮ್ಮ ಖಾತೆ ತೆರೆದಿರುವಾಗಲೇ ಕೇಳಿದರೆ, ಕ್ರೋಮ್‌ನ ಬಲಮೇಲಿನ ಪ್ರೊಫೈಲ್ ಚಿತ್ರ ಒತ್ತಿ ಅತಿಥಿ ಪ್ರೊಫೈಲ್ ತೆರೆದುಕೊಡಿ, ಪಕ್ಕದಲ್ಲೇ ಇರಿ. ಕ್ರೋಮ್‌ನಲ್ಲಿ ಅವನಿಗೆ ಬೇರೆ ಪ್ರೊಫೈಲ್ ಮಾಡಿಟ್ಟರೆ ಅದು ಬೀಗವಾಗುವುದಿಲ್ಲ, ಬರೀ ಬಾಗಿಲ ಪರದೆ. ಒಂದು ಕ್ಲಿಕ್ಕಿಗೆ ನಿಮ್ಮ ಪ್ರೊಫೈಲ್ ಎದುರಿಗೆ. ಇನ್‌ಕಾಗ್ನಿಟೋ ಅವನ ಜಾಡನ್ನು ಅಳಿಸುತ್ತದೆಯೇ ಹೊರತು ನಿಮ್ಮದನ್ನು ಕಾಯುವುದಿಲ್ಲ.

ವೈಫೈ ಬಗ್ಗೆ ನೀವು ಕೇಳಿಲ್ಲ, ಆದರೆ ಅವನ ಫೋನು ಬಂದ ದಿನವೇ ಅದನ್ನು ಸೇರುತ್ತದೆ. ರೌಟರ್‌ನಲ್ಲಿ ಗೆಸ್ಟ್ ನೆಟ್‌ವರ್ಕ್ ಇದ್ದರೆ ಅದನ್ನೇ ಕೊಡಿ. ಆಗ ಅವನ ಫೋನಿನಿಂದ ನಿಮ್ಮ ವೈಫೈ ಪ್ರಿಂಟರಿಗೆ ಪ್ರಿಂಟ್ ಹೋಗದಿದ್ದರೆ ಪ್ರಿಂಟರ್ ಕೆಟ್ಟಿದೆ ಎಂದುಕೊಳ್ಳಬೇಡಿ. ಎರಡು ಜಾಲಗಳನ್ನು ಬೇರೆಬೇರೆ ಇಡುವುದೇ ಆ ವ್ಯವಸ್ಥೆಯ ಕೆಲಸ.

ಇಷ್ಟೆಲ್ಲ ಮಾಡಿದರೂ ಉಳಿಯುವ ಒಂದು ದಾರಿಯಿದೆ. ವಿಂಡೋಸ್‌ನಂಥದೇ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್ ತುಂಬಿದ ಪೆನ್‌ಡ್ರೈವಿನಿಂದ ಕಂಪ್ಯೂಟರ್ ಶುರುಮಾಡಿದವನಿಗೆ ವಿಂಡೋಸ್‌ನ ಅನುಮತಿಗಳು ಲೆಕ್ಕಕ್ಕಿಲ್ಲ. ವಿಂಡೋಸ್ ತೆರೆಯುವ ಮೊದಲೇ ಕೇಳುವ ಬಯಾಸ್ ಪಾಸ್‌ವರ್ಡ್ ಇಟ್ಟರೂ ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ಒಳಗಿನ ಸಿಆರ್2032 ನಾಣ್ಯಬ್ಯಾಟರಿ ತೆಗೆದು ಹಾಕಿದರೆ ಅದು ಹೋಗಿಬಿಡುತ್ತದೆ. ಇದಕ್ಕೆ ನಿಜವಾದ ತಡೆ, ಕೀಲಿಯಿಲ್ಲದೆ ಓದಲಾಗದಂತೆ ಎಲ್ಲವನ್ನೂ ಗುಪ್ತಲಿಪಿಯಾಗಿಸುವ ಡಿಸ್ಕ್ ಎನ್‌ಕ್ರಿಪ್ಷನ್. ವಿಂಡೋಸ್‌ನ ಪ್ರೊ ಆವೃತ್ತಿಯಲ್ಲಿ ಬಿಟ್‌ಲಾಕರ್, ಹೋಮ್ ಆವೃತ್ತಿಯ ಕೆಲವು ಕಂಪ್ಯೂಟರುಗಳಲ್ಲಿ ‘ಡಿವೈಸ್ ಎನ್‌ಕ್ರಿಪ್ಷನ್’. ಅದರ 48 ಅಂಕಿಗಳ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಡದೆ ಆನ್ ಮಾಡಬೇಡಿ. ಪರೀಕ್ಷೆಗೆ ಓದಲು ಬರುವ ಹುಡುಗನ ವಿಷಯದಲ್ಲಿ ಇಷ್ಟು ದೂರ ಹೋಗುವ ಅಗತ್ಯ ನಮಗಂತೂ ಕಾಣುವುದಿಲ್ಲ. ಕಳ್ಳತನದ ಭಯವಿದ್ದರೆ ಅದು ಬೇರೆ ಮಾತು.

ಇನ್ನು ಅವನು ನೋಡುವುದನ್ನು ನೀವು ನೋಡುವ ಸಾಫ್ಟ್‌ವೇರ್. ಇದೆ, ಹೆಸರು ಹೇಳುವುದಿಲ್ಲ. ಅಂಥವು ಒತ್ತಿದ ಕೀಲಿಗಳನ್ನೆಲ್ಲ ಬರೆದಿಡುತ್ತವೆ. ಹುಡುಗನ ಬ್ಯಾಂಕ್ ಪಾಸ್‌ವರ್ಡ್ ನಿಮ್ಮ ಕೈಗೆ ಬರುತ್ತದೆ, ನಿಮ್ಮದು ಆ ಸಾಫ್ಟ್‌ವೇರ್ ಮಾಡಿದವರ ಕೈಗೂ ಹೋಗಬಹುದು. ನಿಮ್ಮ ಕೋಣೆಗೆ ಬೀಗ ಹಾಕಿಕೊಳ್ಳುವುದು ನಿಮ್ಮ ಹಕ್ಕು. ಅವನ ಕೋಣೆಯ ಕಿಂಡಿಯಲ್ಲಿ ಇಣುಕುವುದು ಅಲ್ಲ.

ಅವನು ಹೊರಡುವ ಹಿಂದಿನ ದಿನ, ತನ್ನ ಫೈಲುಗಳನ್ನು ಪೆನ್‌ಡ್ರೈವಿಗೆ ತೆಗೆದುಕೊಳ್ಳಲು ಹೇಳಿ. ಮರುದಿನ ಅದರ್ ಯೂಸರ್ಸ್ ಪುಟದಲ್ಲಿ ಅವನ ಹೆಸರಿನ ಮುಂದೆ ‘ರಿಮೂವ್’, ನಂತರ ‘ಡಿಲೀಟ್ ಅಕೌಂಟ್ ಆ್ಯಂಡ್ ಡೇಟಾ’. ಅವನ ಡೆಸ್ಕ್‌ಟಾಪು, ಡೌನ್‌ಲೋಡುಗಳೆಲ್ಲ ರೀಸೈಕಲ್ ಬಿನ್‌ಗೂ ಹೋಗದೆ ಅಳಿಯುತ್ತವೆ. ಡಿ ಡ್ರೈವಿನಲ್ಲಿ ಅವನು ಇಟ್ಟದ್ದು ಮಾತ್ರ ಹಾಗೇ ಉಳಿಯುತ್ತದೆ. ಸಿಕ್ಕರೆ ತೆರೆದು ನೋಡದೆ ಅವನಿಗೊಂದು ಫೋನ್ ಮಾಡಿ.