ಮಂತ್ರಿಯಾಗದ ಶಾಸಕ ಏನು ಮಾಡಬಲ್ಲ?

ಪ್ರಶ್ನೆ: ನಮ್ಮ ಕ್ಷೇತ್ರದಲ್ಲಿ ಗೆದ್ದವರು ವಿರೋಧ ಪಕ್ಷದವರು. "ಅಧಿಕಾರ ಇಲ್ಲದ ಎಮ್ಮೆಲ್ಲೆಯಿಂದ ಏನೂ ಆಗಲ್ಲ" ಅಂತ ಅಪ್ಪ ಹೇಳುತ್ತಾರೆ. ಹಾಗಾದರೆ ಯಾವತ್ತೂ ಮಂತ್ರಿಯಾಗದ ಶಾಂತವೇರಿ ಗೋಪಾಲಗೌಡರ ಹೆಸರು ನಮ್ಮ ಕಡೆ ಯಾಕೆ ಇಷ್ಟು ಕೇಳಿಬರುತ್ತದೆ?
– ಒಬ್ಬ ವಿದ್ಯಾರ್ಥಿನಿ, ಸಾಗರ

ಉತ್ತರ: ನಿಮ್ಮ ಊರಿನ ಪಕ್ಕದಲ್ಲೇ ಕಾಗೋಡು ಇದೆ. ಅಲ್ಲಿಂದಲೇ ಶುರು ಮಾಡೋಣ. ಆಗ ಗೇಣಿ ಭತ್ತ ಅಳೆಯುತ್ತಿದ್ದದ್ದು ಜಮೀನಿನ ಒಡೆಯರ ಮನೆಯ ಕೊಳಗದಲ್ಲಿ. ಅದು ಸರಕಾರಿ ಅಳತೆಗಿಂತ ದೊಡ್ಡದು. ಗೇಣಿ ಕೊಟ್ಟಿದ್ದಕ್ಕೆ ರಸೀದಿ ಇಲ್ಲ. ನನ್ನ ಅಜ್ಜ ಹೀಗೆ ಅಳೆದು ಕೊಟ್ಟವರು. ಸುಗ್ಗಿ ಮುಗಿದ ಕೂಡಲೇ ಅಜ್ಜಿ ಅಕ್ಕಿ ಕಡ ತರಲು ಹೋಗುತ್ತಿದ್ದರಂತೆ. ಗದ್ದೆ ಮಾಡಿದವರ ಮನೆಯಲ್ಲೇ ಅಕ್ಕಿ ಇಲ್ಲ ಅಂದರೆ ಏನು ಹೇಳೋಣ!

1951ರಲ್ಲಿ ಕಾಗೋಡಿನ ಗೇಣಿದಾರರು ಇದನ್ನು ಪ್ರಶ್ನಿಸಿ ಸತ್ಯಾಗ್ರಹಕ್ಕೆ ನಿಂತರು. ಆ ಗೇಣಿದಾರರನ್ನು ಒಟ್ಟುಗೂಡಿಸಿದ್ದವರು ಎಚ್. ಗಣಪತಿಯಪ್ಪ. ಸಮಾಜವಾದಿ ಪಕ್ಷ ಜೊತೆಗೆ ಬಂತು, ಗೋಪಾಲಗೌಡರು ಮುಂದೆ ನಿಂತರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಕೂಡ ಸಾಗರಕ್ಕೆ ಬಂದು ಬಂಧನಕ್ಕೊಳಗಾದರು. ಮರುವರ್ಷವೇ ಚುನಾವಣೆ. ಸಾಗರ–ಹೊಸನಗರದ ಜನ ಗೌಡರನ್ನು ಗೆಲ್ಲಿಸಿದರು. ಅವರಿಗಿನ್ನೂ 30 ತುಂಬಿರಲಿಲ್ಲ. ದುಡ್ಡಿರಲಿಲ್ಲ. "ಒಂದು ಓಟು, ಒಂದು ನೋಟು" ಅಂತ ಮತದಾರರಿಂದಲೇ ಕೇಳಿ ಪಡೆದರು ಎಂದು ನಮ್ಮ ಕಡೆಯ ಹಳಬರು ಈಗಲೂ ಹೇಳುತ್ತಾರೆ.

1957ರಲ್ಲಿ ಸೋತರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಒಂದು ದಿನವೂ ಆಡಳಿತದ ಸಾಲಿನಲ್ಲಿ ಕೂರಲಿಲ್ಲ. ಆದರೆ ಉಳುವವನಿಗೇ ಭೂಮಿ ಸಿಗಬೇಕು, ರಾಜ್ಯಕ್ಕೆ ಕರ್ನಾಟಕ ಎಂದೇ ಹೆಸರಿಡಬೇಕು ಎಂಬ ಮಾತುಗಳನ್ನು ಸದನದಲ್ಲಿ ಕೈಬಿಡಲಿಲ್ಲ. 1972ರ ಜೂನ್‌ನಲ್ಲಿ ತೀರಿಕೊಂಡಾಗ ವಯಸ್ಸು ಬರೀ 49. 1973ರ ನವೆಂಬರ್ 1ಕ್ಕೆ ರಾಜ್ಯದ ಹೆಸರು ಕರ್ನಾಟಕ ಎಂದು ಬದಲಾಯಿತು. 1974ರಲ್ಲಿ ದೇವರಾಜ ಅರಸರ ಸರಕಾರ ಭೂ ಸುಧಾರಣೆ ಕಾಯ್ದೆಗೆ ಗಟ್ಟಿ ತಿದ್ದುಪಡಿ ತಂದಿತು. ಅರಸರ ಪಾಲು ಬಹಳ ದೊಡ್ಡದು, ಅದನ್ನು ಕಡಿಮೆ ಮಾಡಿ ಹೇಳಬಾರದು. ಆದರೆ ಇಪ್ಪತ್ತು ವರ್ಷ ಅದನ್ನು ಕೇಳುತ್ತಲೇ ಇದ್ದವರ ಪಾಲು? ಆ ತಿದ್ದುಪಡಿಯಂತೆ ನನ್ನ ಅಜ್ಜ ಗೇಣಿ ಗದ್ದೆ ತಮ್ಮ ಹೆಸರಿಗೆ ಆಗಲಿ ಎಂದು ಫಾರಂ ನಂಬರ್ 7 ತುಂಬಿ ಡಿಕ್ಲರೇಷನ್ ಹಾಕಿದರು. ಗದ್ದೆ ಅವರ ಹೆಸರಿಗೆ ಆಯಿತು. ನಾನು ಓದಿದ್ದು ಆ ಗದ್ದೆಯ ಭತ್ತದಿಂದ.

ರಸ್ತೆ, ವರ್ಗಾವಣೆ, ಗುತ್ತಿಗೆ ಇಷ್ಟೇ ಶಾಸಕರ ಕೆಲಸ ಅಂದುಕೊಂಡರೆ ನಿಮ್ಮ ತಂದೆಯವರ ಮಾತು ಸರಿ ಅನ್ನಿಸುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಪ್ರಶ್ನೆ ಕೇಳುವ, ಮಸೂದೆಯ ಮೇಲೆ ಮಾತಾಡುವ ಹಕ್ಕು ವಿರೋಧ ಪಕ್ಷದ ಶಾಸಕರಿಗೂ ಇದೆ. ಮುಂದಿನ ಸಲ ನಿಮ್ಮ ಶಾಸಕರು ಊರಿಗೆ ಬಂದಾಗ ತಂದೆಯವರನ್ನೂ ಕರೆದುಕೊಂಡು ಹೋಗಿ. ಕಳೆದ ಅಧಿವೇಶನದಲ್ಲಿ ನಮ್ಮ ಕ್ಷೇತ್ರದ ಬಗ್ಗೆ ಯಾವ ಪ್ರಶ್ನೆ ಕೇಳಿದಿರಿ, ಸರಕಾರ ಏನು ಉತ್ತರ ಕೊಟ್ಟಿತು ಎಂದು ಕೇಳಿ.